ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ‘ಗುಂಯ್’ ಎನ್ನುವ ಬೇಸ್ ನಿಲ್ಲುತ್ತದೆಯೇ?

ಹೊಸ ಹೋಮ್ ಥಿಯೇಟರ್ ತಂದಿದ್ದೀರಿ. ಅಂಗಡಿಯಲ್ಲಿ ಸೊಗಸಾಗಿ ಕೇಳಿತ್ತು. ಮನೆಯಲ್ಲಿ ಹಾಕಿದರೆ ಹಾಡಿನ ಸಾಹಿತ್ಯವೇ ತಿಳಿಯುವುದಿಲ್ಲ, ಬರೀ ‘ಗುಂಯ್’ ಎಂಬ ಸದ್ದು. ಆಗ ಗ್ರೂಪಿನಲ್ಲಿ ಒಬ್ಬರು ಸಲಹೆ ಕಳಿಸುತ್ತಾರೆ: “ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿ, ಸ್ಟುಡಿಯೊ ಸೌಂಡ್ ಬರುತ್ತೆ.” ಇದು ನಿಜವೇ?

ಇಲ್ಲ. ಬೇಸ್ ವಿಷಯದಲ್ಲಿ ಟ್ರೇಗಳಿಂದ ಏನೂ ಪ್ರಯೋಜನವಿಲ್ಲ. ಏಕೆಂದು ನೋಡೋಣ.

ಗುಂಯ್‌ಗುಡುವುದು ಕೋಣೆ

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಾಯಿ ಮುಚ್ಚಿ, ತಗ್ಗಿನ ಸ್ವರದಿಂದ ನಿಧಾನವಾಗಿ ಮೇಲೇರುತ್ತಾ ಗುನುಗಿ ನೋಡಿ. ಯಾವುದೋ ಒಂದು ಸ್ವರಕ್ಕೆ ಇಡೀ ಬಚ್ಚಲು ದನಿಗೂಡಿಸುತ್ತದೆ. ಎದುರುಬದುರು ಗೋಡೆಗಳ ನಡುವೆ ಆ ಸ್ವರದ ಅಲೆ ಸರಿಯಾಗಿ ಹೊಂದಿಕೊಂಡು, ಹೋದದ್ದೂ ಮರಳಿದ್ದೂ ಸೇರಿ ಜೋರಾಗುತ್ತದೆ. ಹಾಲ್‌ನಲ್ಲಿ ಆಗುವುದೂ ಇದೇ. ಕೋಣೆ ದೊಡ್ಡದಾದ್ದರಿಂದ ಆ ಸ್ವರ ಇನ್ನೂ ತಗ್ಗಿನದು.

ನಿಮ್ಮ ಕೋಣೆಯ ಸ್ವರ ಯಾವುದು? ಲೆಕ್ಕ ಸುಲಭ. 560 ಅನ್ನು ಗೋಡೆಗಳ ನಡುವಿನ ಅಡಿಗಳಿಂದ ಭಾಗಿಸಿ. 12 ಅಡಿಗೆ ಸುಮಾರು 47 ಹರ್ಟ್ಜ್, 10 ಅಡಿಗೆ 56 ಹರ್ಟ್ಜ್. ಅದರ ಎರಡರಷ್ಟು, ಮೂರರಷ್ಟು ಕಂಪನಾಂಕಗಳಲ್ಲೂ ಹೀಗೇ ಆಗುತ್ತದೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇದ್ದರೆ ಮೂರೂ ಒಂದೇ ಸ್ವರಕ್ಕೆ ಸೇರಿಕೊಳ್ಳುತ್ತವೆ. ಆಗ ತೊಂದರೆ ಹೆಚ್ಚು. ಇಟ್ಟಿಗೆ ಗೋಡೆ, ಆರ್‌ಸಿಸಿ ಛಾವಣಿ, ಟೈಲ್ಸ್ ನೆಲ ಬೇಸ್ ಅನ್ನು ಬಹುಮಟ್ಟಿಗೆ ಹಾಗೇ ಹಿಂದಕ್ಕೆ ಕಳಿಸುತ್ತವೆ. ಹೆಂಚಿನ ಮನೆಯಲ್ಲಾದರೆ ಅದರಲ್ಲೊಂದಷ್ಟು ಮೇಲಿನಿಂದ ಹೊರಗೆ ಹೋಗುತ್ತದೆ.

ಟ್ರೇ ಏಕೆ ಸಾಲದು?

50 ಹರ್ಟ್ಜ್ ಶಬ್ದದ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಎರಡು ಇಂಚಿನ ತೆಳು ರಟ್ಟು ಅದಕ್ಕೆ ಇದ್ದೂ ಇಲ್ಲದಂತೆ. ಟ್ರೇ ಅಷ್ಟಿಷ್ಟು ತಗ್ಗಿಸುವುದು ಚಪ್ಪಾಳೆಯಂಥ ಮೇಲಿನ ಕಂಪನಾಂಕದ ಸದ್ದನ್ನು ಮಾತ್ರ. ಅದು ತಗ್ಗಿದರೆ ಗುಂಯ್ ಎನ್ನುವುದೇ ಇನ್ನಷ್ಟು ಎದ್ದು ಕೇಳಬಹುದು. ಪಕ್ಕದ ಮನೆಗೆ ಹೋಗುವ ಸದ್ದೂ ನಿಲ್ಲುವುದಿಲ್ಲ. ಮೇಲಾಗಿ ಒಣ ರಟ್ಟು ಬೇಗ ಹೊತ್ತಿಕೊಳ್ಳುತ್ತದೆ. ವೈರು, ಪ್ಲಗ್ಗುಗಳಿರುವ ಗೋಡೆಗೆ ಅದನ್ನು ಅಂಟಿಸುವುದು ಅಪಾಯ.

ಹಾಗಾದರೆ ಏನು ಮಾಡಬೇಕು? ಮೊದಲು ಖರ್ಚಿಲ್ಲದ ಉಪಾಯಗಳು

1. ಸಬ್‌ವೂಫರ್ ಮೂಲೆಯಲ್ಲಿದ್ದರೆ ಈಚೆಗೆ ತನ್ನಿ. ಮೂಲೆಯಲ್ಲಿ ಬೇಸ್ ಅತಿ ಹೆಚ್ಚು ಉಬ್ಬುತ್ತದೆ.

2. ಸೋಫಾವನ್ನು ಹಿಂದಿನ ಗೋಡೆಗೆ ತಾಗಿಸಬೇಡಿ. ಗೋಡೆಯ ಬಳಿ ಬೇಸ್ ಜಾಸ್ತಿ. ಕೋಣೆಯ ನಟ್ಟನಡುವೆ ಕೆಲವು ಸ್ವರಗಳು ಮಾಯವೇ ಆಗುತ್ತವೆ. ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಕುಳಿತು ನೋಡಿ.

3. ಸಬ್‌ವೂಫರ್‌ಗೆ ಜಾಗ ಹುಡುಕಲು ಅದನ್ನೇ ನೀವು ಕೂರುವ ಜಾಗದಲ್ಲಿಡಿ. ಬೇಸ್ ಹೆಚ್ಚಿರುವ ಹಾಡು ಹಾಕಿ, ಕಿವಿ ನೆಲದ ಹತ್ತಿರ ಇರುವಂತೆ ಗೋಡೆಗುಂಟ ಅಂಬೆಗಾಲಿಡುತ್ತಾ ಹೋಗಿ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುವ ಕಡೆ ಸಬ್‌ವೂಫರ್ ಇಡಿ. ಮನೆಯವರು ನಕ್ಕರೂ ಪರವಾಗಿಲ್ಲ, ಸೌಂಡ್ ಎಂಜಿನಿಯರುಗಳೂ ಹೀಗೆ ಮಾಡುತ್ತಾರೆ.

4. ಸಬ್‌ವೂಫರ್‌ನ ವಾಲ್ಯೂಮ್ ಇಳಿಸಿ. ಈಕ್ವಲೈಸರ್ ಇದ್ದರೆ ಉಬ್ಬಿದ ಸ್ವರವನ್ನು ತಗ್ಗಿಸಿ. ಮಾಯವಾದ ಸ್ವರವನ್ನು ಏರಿಸಲು ಹೋಗಬೇಡಿ. ಅದರಿಂದ ಆಂಪ್ಲಿಫೈಯರ್‌ಗೆ ಶ್ರಮವೇ ಹೊರತು ಫಲವಿಲ್ಲ.

ಇಷ್ಟಾದರೂ ಸಾಲದಿದ್ದರೆ ಮಾತ್ರ ಹಣ ಖರ್ಚು ಮಾಡಿ. ರಾಕ್‌ವೂಲ್‌ನಂತಹ, ಕನಿಷ್ಠ 4ರಿಂದ 6 ಇಂಚು ದಪ್ಪದ ಹಲಗೆಗಳನ್ನು ಬಟ್ಟೆಯಲ್ಲಿ ಪೂರ್ತಿ ಸುತ್ತಿ, ಮೂಲೆಗಳಲ್ಲಿ ನೆಲದಿಂದ ಛಾವಣಿಯವರೆಗೆ ಅಡ್ಡಲಾಗಿ ನಿಲ್ಲಿಸಬೇಕು. ಇದನ್ನೇ ಬೇಸ್ ಟ್ರ್ಯಾಪ್ ಎನ್ನುತ್ತಾರೆ. ತೀರಾ ತಗ್ಗಿನ ಸ್ವರಗಳಿಗೆ ಇನ್ನೂ ದಪ್ಪ ಬೇಕು. ನೆನಪಿಡಿ, ಇದು ಕೋಣೆಯೊಳಗಿನ ಗುಂಯ್ ತಗ್ಗಿಸುತ್ತದೆ, ಪಕ್ಕದ ಮನೆಯವರ ನಿದ್ದೆ ಕಾಯುವುದಿಲ್ಲ. ರಾತ್ರಿ ಹೊತ್ತು ವಾಲ್ಯೂಮ್ ಇಳಿಸುವುದೊಂದೇ ದಾರಿ.

ಮೊಟ್ಟೆ ಟ್ರೇ ಸಲಹೆ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಸೋಫಾವನ್ನು ಎರಡಡಿ ಸರಿಸಿ ಕೇಳಿ. ವ್ಯತ್ಯಾಸ ನಿಮ್ಮ ಕಿವಿಗೇ ತಿಳಿಯುತ್ತದೆ.