ಹಳೆಯದೋ ಹೊಸದೋ? ಫೋನಿಗಿಂತ ಹಳೆಯದಾದ ಒಂದು ಪ್ರಶ್ನೆ

ಪ್ರತಿವರ್ಷ ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಆಪಲ್ ಕಂಪೆನಿ ಹೊಸ ಐಫೋನನ್ನು ಪ್ರಕಟಿಸುತ್ತದೆ. ಹಿಂದಿನ ವರ್ಷದ ಮಾದರಿಯ ಬೆಲೆ ಸಾಮಾನ್ಯವಾಗಿ ಆಗಲೇ ಇಳಿಯುತ್ತದೆ. ಉಳಿದ ಕಂಪೆನಿಗಳ ಕಥೆಯೂ ಹೆಚ್ಚು ಕಡಿಮೆ ಇದೇ. ತಿಂಗಳು ಮಾತ್ರ ಬೇರೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತ ಎರಡು ಫೋನುಗಳು ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಬೆಲೆಯಲ್ಲಿ ಮಾತ್ರ ಹತ್ತಿಪ್ಪತ್ತು ಸಾವಿರ ರೂಪಾಯಿ ಅಂತರ. ತಿಂಗಳ ಸಂಬಳದಲ್ಲಿ ಕಂತು ಕಟ್ಟಿ ಕೊಳ್ಳುವವರಿಗೆ ಈ ಅಂತರ ಸಣ್ಣದಲ್ಲ. ಯಾವುದನ್ನು ಕೊಳ್ಳಬೇಕು?

ಇದು ಸ್ಮಾರ್ಟ್‌ಫೋನ್ ಕಾಲದ ಪ್ರಶ್ನೆ ಎಂದು ತೋರುವುದು ಸಹಜ. ಆದರೆ ಇದಕ್ಕೆ ನೂರು ವರ್ಷಗಳ ಇತಿಹಾಸವಿದೆ. ಅದು ಆರಂಭವಾದದ್ದು ಫೋನಿನಿಂದಲ್ಲ, ಮೋಟಾರು ಕಾರಿನಿಂದ.

ಫೋರ್ಡ್ ಸೋತ ಕಥೆ

ಹೆನ್ರಿ ಫೋರ್ಡ್ 1908ರಲ್ಲಿ ‘ಮಾಡೆಲ್ ಟಿ’ ಕಾರನ್ನು ಮಾರುಕಟ್ಟೆಗೆ ತಂದಾಗ ಅದರ ಬೆಲೆ 850 ಡಾಲರ್. ವರ್ಷ ವರ್ಷಕ್ಕೂ ಅವನು ಬೆಲೆ ಇಳಿಸುತ್ತ ಹೋದ. 1925ರ ವೇಳೆಗೆ ಅದರ ಅತ್ಯಂತ ಅಗ್ಗದ ರೂಪ 260 ಡಾಲರಿಗೆ ಸಿಗುತ್ತಿತ್ತು. ಫೋರ್ಡನ ತತ್ವ ಸರಳವಾಗಿತ್ತು. ಕಾರು ಗಟ್ಟಿಯಾಗಿರಬೇಕು, ಅಗ್ಗವಾಗಿರಬೇಕು, ಕೊಂಡವನಿಗೆ ಮತ್ತೊಂದು ಬೇಕೆನಿಸಬಾರದು. ಹಾಗಾಗಿ ಆ ಕಾರು ಹತ್ತೊಂಬತ್ತು ವರ್ಷ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಯಿತು.

ಇಷ್ಟು ಅಗ್ಗದ ಕಾರನ್ನು ಸೋಲಿಸುವುದು ಹೇಗೆ? 1923ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್ ಬೆಲೆಯ ಪೈಪೋಟಿಗೆ ಇಳಿಯಲೇ ಇಲ್ಲ. ಪ್ರತಿವರ್ಷ ಕಾರಿನ ಬಣ್ಣ, ಮೈಕಟ್ಟು, ಸವಲತ್ತುಗಳನ್ನು ಬದಲಿಸುವ ಪದ್ಧತಿಯನ್ನು ಆ ಕಂಪೆನಿ ಬೆಳೆಸಿತು. ಜೊತೆಗೆ ಕಂತಿನ ಸಾಲ. ಅದಕ್ಕಾಗಿ 1919ರಲ್ಲೇ ಅದು ಒಂದು ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿಕೊಂಡಿತ್ತು. ಹಳೆಯ ಕಾರು ಕೊಟ್ಟು ಹೊಸದನ್ನು ಒಯ್ಯುವ ವಿನಿಮಯವೂ ವಿಸ್ತರಿಸಿತು. ಹೀಗೆ ವಾಪಸು ಬಂದ ಕಾರುಗಳ ದೊಡ್ಡ ಸಂತೆಯೇ ಹುಟ್ಟಿಕೊಂಡಿತು.

ಸ್ವಾರಸ್ಯವಿರುವುದು ಇಲ್ಲಿಯೇ. ಮಾಡೆಲ್ ಟಿ ಕಾರಿಗೆ ಏಟು ಕೊಟ್ಟದ್ದು ಹೊಸ ಷೆವ್ರೊಲೆ ಮಾತ್ರವಲ್ಲ, ಎರಡು ಮೂರು ವರ್ಷ ಓಡಿದ್ದ ಉತ್ತಮ ದರ್ಜೆಯ ಕಾರುಗಳೂ ಹೌದು. ಕೈಯಲ್ಲಿ ಕಡಿಮೆ ಹಣವಿದ್ದ ಗಿರಾಕಿಯ ಮುಂದೆ ಎರಡು ದಾರಿಗಳಿದ್ದವು: ಸಾದಾ ಹೊಸ ಕಾರು, ಇಲ್ಲವೇ ಅದೇ ಹಣಕ್ಕೆ ಸಿಗುವ, ಗಟ್ಟಿ ಮಾಡು ಕಿಟಕಿಗಳಿದ್ದ ಹಳೆಯ ಕಾರು. ಹಲವರು ಎರಡನೆಯದನ್ನು ಆರಿಸಿದರು. 1927ರ ಮೇ ತಿಂಗಳಲ್ಲಿ, ಒಂದೂವರೆ ಕೋಟಿ ಕಾರುಗಳ ನಂತರ, ಫೋರ್ಡ್ ತನ್ನ ಮಾಡೆಲ್ ಟಿ ತಯಾರಿಕೆಯನ್ನು ನಿಲ್ಲಿಸಿದ. ಹೊಸ ಮಾದರಿ ಬಂದದ್ದು ಡಿಸೆಂಬರಿನಲ್ಲಿ. ಕಾರು ಮುರಿದಾಗಲೇ ಹಳೆಯದು ಎಂಬ ಭಾವನೆ ಹೋಗಿ, ಪಕ್ಕದ ಮನೆಗೆ ಹೊಸದು ಬಂದಾಗ ನಮ್ಮದು ಹಳೆಯದು ಎಂಬ ಭಾವನೆ ಬೇರೂರಿದ್ದು ಆ ಕಾಲದಲ್ಲಿ.

ಇದಾದ ಐದು ವರ್ಷಕ್ಕೆ, ಆರ್ಥಿಕ ಮುಗ್ಗಟ್ಟಿನ ನಡುವೆ, ನ್ಯೂಯಾರ್ಕಿನ ಬರ್ನಾರ್ಡ್ ಲಂಡನ್ ಎಂಬಾತ ಒಂದು ಕಿರುಹೊತ್ತಿಗೆ ಪ್ರಕಟಿಸಿದ. ಪ್ರತಿಯೊಂದು ವಸ್ತುವಿಗೂ ತಯಾರಾಗುವಾಗಲೇ ಸರ್ಕಾರ ಆಯುಷ್ಯ ಗೊತ್ತುಮಾಡಬೇಕು, ಅವಧಿ ಮುಗಿದ ವಸ್ತುವನ್ನು ಕಾನೂನಿನ ಪ್ರಕಾರ ಸತ್ತದ್ದೆಂದು ಸಾರಬೇಕು, ಆಗ ಜನ ಹೊಸದನ್ನು ಕೊಂಡು ಕಾರ್ಖಾನೆಗಳು ನಡೆಯುತ್ತವೆ ಎಂಬುದು ಅವನ ಸಲಹೆ. ಯಾವ ಸರ್ಕಾರವೂ ಅದನ್ನು ಕೇಳಲಿಲ್ಲ. ಆದರೆ ಆ ಮಾತನ್ನು ಇಲ್ಲಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಅದು ಬೇರೆ ವೇಷದಲ್ಲಿ ಬರಲಿದೆ.

ಹಳೆಯದೇ ದುಬಾರಿಯಾಗಿದ್ದ ದೇಶ

ಭಾರತದಲ್ಲಿ ಬಹುಕಾಲ ಈ ಪ್ರಶ್ನೆಗೆ ಆಸ್ಪದವೇ ಇರಲಿಲ್ಲ. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಡರ್ ಕಾರು 2014ರವರೆಗೆ ಹೆಚ್ಚು ಕಡಿಮೆ ಅದೇ ಆಕಾರದಲ್ಲಿ ತಯಾರಾಯಿತು. ಪರ್ಮಿಟ್ ಲೈಸೆನ್ಸುಗಳ ಕಾಲದಲ್ಲಿ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಒಂದು ವಿಚಿತ್ರ ನಡೆಯುತ್ತಿತ್ತು. ಸರದಿ ಬಂದು ಸ್ಕೂಟರ್ ಪಡೆದವನು ಅದನ್ನು ಒಂದಿಷ್ಟು ಓಡಿಸಿ ಮಾರಿದರೆ, ಕಾರ್ಖಾನೆಯ ಬೆಲೆಗಿಂತ ಹೆಚ್ಚು ಹಣ ಸಿಗುತ್ತಿತ್ತು. ಕಣ್ಣೆದುರು ನಿಂತ ಹಳೆಯ ಗಾಡಿಗೆ, ಎಂದೋ ಬರಲಿರುವ ಹೊಸ ಗಾಡಿಗಿಂತ ಬೆಲೆ ಹೆಚ್ಚು.

1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಮ್ ಅವರೊಡನೆ ಮಾತನಾಡುವುದರೊಂದಿಗೆ ದೇಶದಲ್ಲಿ ಮೊಬೈಲ್ ಯುಗ ಆರಂಭವಾಯಿತು. ಆರಂಭದ ಫೋನುಗಳಿಗೂ ವಯಸ್ಸಿನ ಕಾಟ ಅಷ್ಟಾಗಿರಲಿಲ್ಲ. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಬ್ಯಾಟರಿ ಕೆಟ್ಟರೆ ಹಿಂದಿನ ಮುಚ್ಚಳ ತೆಗೆದು ಬೇರೊಂದು ಹಾಕಿದರಾಯಿತು. ಕರೆ, ಸಂದೇಶ, ಟಾರ್ಚು ಇವಿಷ್ಟೇ ಅದರ ಕೆಲಸ. ಆ ಕೆಲಸ ಐದು ವರ್ಷದ ನಂತರವೂ ಅದೇ ಆಗಿರುತ್ತಿತ್ತು.

ಮೆಟ್ಟಿಲಾದ ಹಳೆಯ ಮಾದರಿ

ಐಫೋನ್ ಬಂದದ್ದು 2007ರ ಜೂನ್ 29ರಂದು. ಅದರ 8 ಗಿಗಾಬೈಟ್ ಮಾದರಿಯ ಬೆಲೆ 599 ಡಾಲರ್. ಎರಡು ತಿಂಗಳು ಕಳೆಯುವಷ್ಟರಲ್ಲಿ ಕಂಪೆನಿ ಅದನ್ನು 399 ಡಾಲರಿಗೆ ಇಳಿಸಿತು. ಮೊದಲ ದಿನವೇ ಸಾಲಿನಲ್ಲಿ ನಿಂತು ಕೊಂಡವರು ಸಿಟ್ಟಿಗೆದ್ದರು. ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಅವರಿಗೆ ಕಂಪೆನಿಯ ಅಂಗಡಿಗಳಲ್ಲಿ ಬಳಸಬಹುದಾದ 100 ಡಾಲರ್ ಕೊಡಬೇಕಾಯಿತು. ತಾಳಿದವನು ಬಾಳಿಯಾನು ಎಂಬ ಮಾತು ಫೋನಿಗೂ ಅನ್ವಯಿಸುತ್ತದೆ ಎಂಬುದನ್ನು ಗಿರಾಕಿಗಳು ಆಗಲೇ ಕಲಿತರು.

ಕಂಪೆನಿಯೂ ಪಾಠ ಕಲಿಯಿತು. 2009ರಲ್ಲಿ ಹೊಸ ಮಾದರಿ ತಂದಾಗ ಅದು ಹಳೆಯದನ್ನು ಅಂಗಡಿಯಿಂದ ತೆಗೆಯಲಿಲ್ಲ. ಅಮೆರಿಕದಲ್ಲಿ ಎರಡು ವರ್ಷದ ಕರಾರಿನೊಂದಿಗೆ ಹೊಸದಕ್ಕೆ 199 ಡಾಲರ್, ಹಿಂದಿನ ವರ್ಷದ್ದಕ್ಕೆ 99 ಡಾಲರ್ ಎಂದು ಗೊತ್ತುಮಾಡಿತು. ಬೇರೊಂದು ಅಗ್ಗದ ಫೋನನ್ನು ರೂಪಿಸುವ ಖರ್ಚೇ ಇಲ್ಲದೆ ಅಗ್ಗದ ಫೋನು ಸಿಕ್ಕಿತು. ಅಂದಿನಿಂದ ಹಳೆಯ ಮಾದರಿ ಎಂದರೆ ಮಾರಾಟವಾಗದೆ ಉಳಿದ ಸರಕಲ್ಲ, ಬೆಲೆಯ ಏಣಿಯಲ್ಲಿ ಬೇಕೆಂದೇ ಇಟ್ಟ ಒಂದು ಮೆಟ್ಟಿಲು.

ಈ ಏಣಿಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. ಬಳಸಿ ದುರಸ್ತಿಯಾದ ಐಫೋನುಗಳನ್ನು ಆಮದು ಮಾಡಿ ಮಾರಲು ಆಪಲ್ ಅನುಮತಿ ಕೋರಿದಾಗ 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮರುವರ್ಷ, 2017ರ ಮೇ ತಿಂಗಳಲ್ಲಿ, ಪೀಣ್ಯದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಭಾರತದ ಮೊದಲ ಐಫೋನ್ ಜೋಡಣೆ ಆರಂಭವಾಯಿತು. ಅದು ಆಗಿನ ಹೊಸ ಫೋನಲ್ಲ. 2016ರ ಮಾರ್ಚಿನಲ್ಲಿ ಬಂದಿದ್ದ ‘ಎಸ್‌ಇ’. 2018ರಲ್ಲಿ ಅದರೊಂದಿಗೆ ಸೇರಿದ್ದು 2015ರ ಮಾದರಿಯಾದ ‘6ಎಸ್’. ಹೊಸ ಮಾದರಿ ಬೇರೆ ಕಡೆ, ಹಳೆಯದು ಇಲ್ಲಿ ಎಂಬ ಈ ಲೆಕ್ಕ ಬದಲಾಗಲು ಕೆಲವು ವರ್ಷ ಬೇಕಾಯಿತು. 2023ರಲ್ಲಿ ಭಾರತದಲ್ಲಿ ತಯಾರಾದ ಐಫೋನ್ 15 ಬಿಡುಗಡೆಯ ದಿನವೇ ಅಂಗಡಿಗೆ ಬಂತು.

ಫೋನಿಗೆ ವಯಸ್ಸಾಗುವುದು ಎಲ್ಲಿ?

ಹಳೆಯ ಕಾರಿನ ವಯಸ್ಸು ಎಂಜಿನ್ನಿನ ಸದ್ದಿನಲ್ಲಿ, ಚಕ್ರದ ಸವೆತದಲ್ಲಿ ಗೊತ್ತಾಗುತ್ತಿತ್ತು. ಫೋನಿನಲ್ಲಿ ತಿರುಗುವ ಭಾಗಗಳೇ ಇಲ್ಲವೆನ್ನಬಹುದು. ಅದಕ್ಕೆ ವಯಸ್ಸಾಗುವುದು ಮುಖ್ಯವಾಗಿ ಎರಡು ಕಡೆ.

ಮೊದಲನೆಯದು ಬ್ಯಾಟರಿ. ಲಿಥಿಯಂ ಬ್ಯಾಟರಿಯನ್ನು ಪ್ರತಿಸಲ ಚಾರ್ಜ್ ಮಾಡಿದಾಗಲೂ ಒಳಗಿನ ರಸಾಯನದಲ್ಲಿ ಅಷ್ಟಿಷ್ಟು ಮತ್ತೆಂದೂ ಸರಿಯಾಗದ ಬದಲಾವಣೆ ಆಗುತ್ತದೆ. ಅದು ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಫೋನು ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದರೆ ಬ್ಯಾಟರಿ ಕೊಡಲಾರದೆ ಫೋನು ತಟ್ಟನೆ ಆರುತ್ತದೆ. ಇದನ್ನು ತಡೆಯಲು ಆಪಲ್ 2017ರಲ್ಲಿ ಕೆಲವು ಹಳೆಯ ಐಫೋನುಗಳ ವೇಗವನ್ನೇ ತಂತ್ರಾಂಶದ ಮೂಲಕ ತಗ್ಗಿಸಿತು. ಆದರೆ ಗಿರಾಕಿಗಳಿಗೆ ಸ್ಪಷ್ಟವಾಗಿ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ವಿಷಯ ಹೊರಬಿತ್ತು. ಕಂಪೆನಿ ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆಯ ದರವನ್ನು 2018ರ ಮಟ್ಟಿಗೆ 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. 2020ರಲ್ಲಿ ಫ್ರಾನ್ಸ್ ಅದಕ್ಕೆ ಎರಡೂವರೆ ಕೋಟಿ ಯೂರೋ ದಂಡ ವಿಧಿಸಿತು.

ಈ ಪ್ರಕರಣದ ಮತ್ತೊಂದು ಮುಖ ಅಷ್ಟೇ ಮುಖ್ಯ. ವ್ಯಾಪಾರ ನಿರೀಕ್ಷೆಗಿಂತ ತಗ್ಗಿತೆಂದು 2019ರ ಜನವರಿಯಲ್ಲಿ ಹೂಡಿಕೆದಾರರಿಗೆ ಪತ್ರ ಬರೆದ ಟಿಮ್ ಕುಕ್, ಕಾರಣಗಳ ಪಟ್ಟಿಯಲ್ಲಿ ಅಗ್ಗದ ಬ್ಯಾಟರಿ ಬದಲಾವಣೆಯನ್ನೂ ಸೇರಿಸಿದ್ದರು. ಅಂದರೆ, ‘ಫೋನು ಹಳೆಯದಾಯಿತು’ ಎಂದುಕೊಂಡಿದ್ದ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಹೊಸ ಫೋನಲ್ಲ, ಹೊಸ ಬ್ಯಾಟರಿ.

ಎರಡನೆಯದು ತಂತ್ರಾಂಶ. ಕಳ್ಳದಾರಿಗಳನ್ನು ಮುಚ್ಚುವ ಸುರಕ್ಷತಾ ಪರಿಷ್ಕರಣೆಯನ್ನು ಕಂಪೆನಿ ಎಲ್ಲಿಯವರೆಗೆ ಕಳಿಸುತ್ತದೆಯೋ ಅಲ್ಲಿಯವರೆಗೆ ಫೋನು ನೆಮ್ಮದಿಯಿಂದ ಬಾಳುತ್ತದೆ. ಅದು ನಿಂತ ಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತದೆ. ವಾಟ್ಸ್‌ಆ್ಯಪ್ 2023ರ ಅಕ್ಟೋಬರಿನಲ್ಲಿ ಆ್ಯಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳನ್ನು ಕೈಬಿಟ್ಟಿತು. ಬ್ಯಾಂಕುಗಳ ಆ್ಯಪ್‌ಗಳೂ ಹಾಗೆಯೇ. ಗಾಜು ಒಡೆದಿಲ್ಲ, ಕ್ಯಾಮೆರಾ ಕೆಟ್ಟಿಲ್ಲ. ಆದರೂ ಫೋನು ಕೆಲಸಕ್ಕೆ ಬಾರದು. ಬರ್ನಾರ್ಡ್ ಲಂಡನ್ ಸರ್ಕಾರದಿಂದ ಬಯಸಿದ್ದ ಮರಣಪತ್ರವನ್ನು ಈಗ ಕಂಪೆನಿಗಳೇ ಬರೆಯುತ್ತವೆ.

ಈ ಆಯುಷ್ಯ ಎಲ್ಲರಿಗೂ ಒಂದೇ ಅಲ್ಲ. 2015ರ ಐಫೋನ್ 6ಎಸ್‌ಗೆ 2021ರವರೆಗೂ ಪ್ರತಿವರ್ಷದ ಹೊಸ ತಂತ್ರಾಂಶ ಸಿಕ್ಕಿತು. ಆ ಕಾಲದ ಅನೇಕ ಆ್ಯಂಡ್ರಾಯ್ಡ್ ಫೋನುಗಳಿಗೆ ಎರಡು ವರ್ಷ ಸಿಕ್ಕರೆ ಅದೇ ಪುಣ್ಯ. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಭರವಸೆ ಕೊಟ್ಟವು.

ಲೆಕ್ಕ ಹಾಕುವ ಬಗೆ

ಹೀಗಿರುವಾಗ ಗಿರಾಕಿ ನೋಡಬೇಕಾದದ್ದು ಫೋನಿಗೆ ಎಷ್ಟು ವಯಸ್ಸಾಗಿದೆ ಎಂಬುದನ್ನಲ್ಲ, ಎಷ್ಟು ಆಯುಷ್ಯ ಉಳಿದಿದೆ ಎಂಬುದನ್ನು. ಒಂದು ಉದಾಹರಣೆ ನೋಡೋಣ. ಏಳು ವರ್ಷದ ಭರವಸೆಯಿರುವ ಹೊಸ ಫೋನಿಗೆ 70,000 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 10,000 ರೂಪಾಯಿ ಬಿತ್ತು. ಅದೇ ಭರವಸೆಯೊಂದಿಗೆ ಎರಡು ವರ್ಷದ ಹಿಂದೆ ಬಂದ ಮಾದರಿ 45,000 ರೂಪಾಯಿಗೆ ಸಿಕ್ಕಿದರೆ, ಉಳಿದ ಐದು ವರ್ಷಕ್ಕೆ ವರ್ಷಕ್ಕೆ 9,000 ರೂಪಾಯಿ. ಇನ್ನೂ ಹಳೆಯದು, ಎರಡೇ ವರ್ಷ ಆಯುಷ್ಯ ಉಳಿದದ್ದು, 24,000 ರೂಪಾಯಿಗೆ ಸಿಕ್ಕಿತೆನ್ನಿ. ನೋಡಲು ಎಲ್ಲಕ್ಕಿಂತ ಅಗ್ಗ; ಆದರೆ ವರ್ಷಕ್ಕೆ 12,000 ರೂಪಾಯಿ. ಇನ್ನು ಮೂರು ವರ್ಷಕ್ಕೊಮ್ಮೆ ಫೋನು ಬದಲಿಸುವ ಅಭ್ಯಾಸದವರಿಗೆ ಏಳು ವರ್ಷದ ಭರವಸೆ, ಮಾರುವಾಗ ಬರುವ ಬೆಲೆಯನ್ನು ಬಿಟ್ಟರೆ, ಹೆಚ್ಚು ಪ್ರಯೋಜನಕ್ಕೆ ಬಾರದು.

ಈ ಲೆಕ್ಕದಲ್ಲಿ ಹಲವರು ಎಡವುವುದು ಒಂದು ಸಣ್ಣ ವಿಷಯದಲ್ಲಿ. ಕಂಪೆನಿಗಳು ಸಾಮಾನ್ಯವಾಗಿ ವರ್ಷಗಳನ್ನು ಎಣಿಸುವುದು ಗಿರಾಕಿ ಫೋನು ಕೊಂಡ ದಿನದಿಂದಲ್ಲ, ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ. ಸೀಲು ಒಡೆಯದೆ ಕಪಾಟಿನಲ್ಲಿ ಕುಳಿತ ಫೋನಿಗೂ ವಯಸ್ಸಾಗುತ್ತಲೇ ಇರುತ್ತದೆ. ಐರೋಪ್ಯ ಒಕ್ಕೂಟ ಇದನ್ನು ಗಮನಿಸಿ 2025ರ ಜೂನ್ 20ರಿಂದ ಹೊಸ ನಿಯಮ ತಂದಿತು. ಮಾದರಿಯ ಮಾರಾಟ ನಿಂತ ದಿನದಿಂದ ಕನಿಷ್ಠ ಐದು ವರ್ಷ ಪರಿಷ್ಕರಣೆಗಳು ಸಿಗಬೇಕು, ಏಳು ವರ್ಷ ಬಿಡಿಭಾಗಗಳು ದೊರೆಯಬೇಕು, 800 ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ಶೇ 80ರಷ್ಟು ಶಕ್ತಿ ಉಳಿದಿರಬೇಕು. ಅಲ್ಲಿ ಹಳೆಯ ಮಾದರಿ ಕೊಂಡವನೂ ಪೂರ್ತಿ ಐದು ವರ್ಷಕ್ಕೆ ಹಕ್ಕುದಾರ. ಭಾರತದಲ್ಲಿ ‘ದುರಸ್ತಿಯ ಹಕ್ಕಿ’ಗಾಗಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷ ಒಂದು ಜಾಲತಾಣವನ್ನೂ ತೆರೆಯಿತು.

ಇಲ್ಲಿನ ಗಿರಾಕಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಈ ಮಾದರಿ ಮೊದಲು ಬಿಡುಗಡೆಯಾದ ತಿಂಗಳು ಯಾವುದು, ಪರಿಷ್ಕರಣೆ ಎಲ್ಲಿಯವರೆಗೆ, ಬ್ಯಾಟರಿ ಬದಲಿಸಲು ಎಷ್ಟು ಖರ್ಚು. ಫೋನಿನ ಪೆಟ್ಟಿಗೆಯ ಮೇಲೆ ಅದು ತಯಾರಾದ ಅಥವಾ ಆಮದಾದ ತಿಂಗಳನ್ನು ಅಚ್ಚು ಹಾಕಿರುತ್ತಾರೆ. ಅದನ್ನೇ ಫೋನಿನ ಜನ್ಮದಿನ ಎಂದು ನಂಬಬಾರದು; ಹೋದ ತಿಂಗಳು ತಯಾರಾದ ಫೋನು ಮೂರು ವರ್ಷ ಹಿಂದಿನ ಮಾದರಿಯದ್ದೂ ಆಗಿರಬಹುದು.