ಆಟ ನಡೆಸುವವನ ಹೊಣೆ

ಹಲವರು ಕೂಡಿ ತಾವಲ್ಲದ ಪಾತ್ರಗಳನ್ನು ವಹಿಸಿ ಒಂದು ಕಥೆಯನ್ನು ಆಡುವಲ್ಲಿ, ಆಟವನ್ನು ಕಟ್ಟಿ ನಡೆಸಲು ಒಬ್ಬನು ಬೇಕಾಗುವನು. ಕಥೆಯೊಳಗೆ ಅವನು ವೀರನಲ್ಲ. ಆದರೂ ಅವನಿಲ್ಲದೆ ಯಾವ ವೀರನೂ ರಂಗಕ್ಕೆ ಬರಲಾರನು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟವನ್ನು ಪ್ರಕಟಿಸಿದ ಮೇಲೆ ಪಶ್ಚಿಮದಲ್ಲಿ ಈ ಹೊಣೆಯು ಒಂದು ವಿದ್ಯೆಯಾಗಿ ಬೆಳೆಯಿತು. ಕನ್ನಡ ನಾಡಿನಲ್ಲಾದರೋ ಈ ಹೊಣೆ ಹೊತ್ತವನಿಗೆ ಬಹುಕಾಲ ಮೊದಲೇ ಭಾಗವತನೆಂಬ ಹೆಸರಿದ್ದಿತು.

ಹುಣಸೂರು, ಪಿರಿಯಾಪಟ್ಟಣ, ಹಿಂದೆ ಎಡತೊರೆಯೆನಿಸಿದ್ದ ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳು ಸೇರಿದ ಮೈಸೂರು ಸೀಮೆಯ ಬಯಲಾಟಕ್ಕೆ ಮೂಡಲಪಾಯವೆಂದು ಹೆಸರು. ಇದನ್ನು ಆಡುತ್ತ ಬಂದವರು ಬಹುಮಟ್ಟಿಗೆ ಒಕ್ಕಲು ಮಕ್ಕಳು. ಭಾಗವತನು ಅವರಿಗೆ ಪಾತ್ರಗಳನ್ನು ಹಂಚಿ, ಅಕ್ಷರ ಬಾರದವರಿಗೂ ಪದಗಳನ್ನೂ ಮಾತುಗಳನ್ನೂ ಬಾಯಿಪಾಠ ಮಾಡಿಸಿ, ಹೆಜ್ಜೆಗಳನ್ನು ತಿದ್ದುವನು. ಆಟದ ರಾತ್ರಿ ತಾಳ ಹಿಡಿದು, ಮದ್ದಳೆ ಮುಖವೀಣೆಗಳೊಡನೆ ಬೆಳಗಾಗುವವರೆಗೂ ಹಾಡುವನು. ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು, ತಾವು ಯಾರು, ಬಂದ ಕಾರಣವೇನು ಎಂದು ವಿಚಾರಿಸುವನು. ಈ ಪ್ರಶ್ನೆ ಬರಿಯ ವಾಡಿಕೆಯಲ್ಲ. ಹಗಲು ನೇಗಿಲು ಹಿಡಿದವನು ತಾನು ಅರಸನೆಂದು ತನ್ನ ಬಾಯಿಂದಲೇ ಹೇಳಿದ ಮೇಲೆಯೇ ಊರು ಅವನನ್ನು ಅರಸನೆಂದು ಒಪ್ಪುವುದು.

ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ಪ್ರಸಿದ್ಧವಾದ ತಾಳಮದ್ದಳೆಯು ಮೇಜಿನ ಆಟಕ್ಕೆ ಇನ್ನೂ ಹತ್ತಿರವಾದುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರೆದುರು ಕುಳಿತು, ಭಾಗವತನು ಹಾಡಿದ ಪದಕ್ಕೆ ಆ ಕ್ಷಣದಲ್ಲಿಯೇ ಮಾತು ಹೊಸೆದು ವಾದಿಸುವರು. ಬಳ್ಳಾರಿ ಸೀಮೆಯ ಕುರುಗೋಡಿನ ೧೫೫೬ರ ಶಾಸನದಲ್ಲಿಯೇ ತಾಳಮದ್ದಳೆಯವರ ಉಲ್ಲೇಖವುಂಟು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಈ ಕಲೆಯಲ್ಲಿ ಬಹು ಕೀರ್ತಿವಂತರು. ವಾದವು ಅಳತೆ ಮೀರಿದಾಗ ಭಾಗವತನು ಯಾರನ್ನೂ ಗದರಿಸುವುದಿಲ್ಲ. ಮುಂದಿನ ಪದವನ್ನು ಎತ್ತಿಕೊಳ್ಳುವನು, ಕಥೆ ಮುಂದೆ ಸಾಗುವುದು.

ಹೊಸಬನಾದವನು ಎಡವುವುದು ಇಲ್ಲಿಯೇ. ಬೇಗನೆ ಪದವೆತ್ತಿದರೆ ಪಾತ್ರಧಾರಿಯ ಉತ್ಸಾಹ ಅಡಗುವುದು. ತಡಮಾಡಿದರೆ ಕಥೆ ದಾರಿ ತಪ್ಪುವುದು. ಪ್ರಸಂಗವನ್ನು ಕಂಠಪಾಠ ಮಾಡಿದವನಿಗೂ ಈ ಹದವು ಹಲವು ರಾತ್ರಿಗಳ ಅನುಭವದಿಂದಲ್ಲದೆ ಬಾರದು.

ಮೇಜಿನ ಆಟದಲ್ಲಿ ವೀರನ ಅಳಿವು ಉಳಿವುಗಳನ್ನು ಹಲವು ವೇಳೆ ದಾಳವು ತೀರ್ಮಾನಿಸುವುದು. ನಮ್ಮ ಕಥೆಗಳಲ್ಲಿ ಅಂತ್ಯವು ಮೊದಲೇ ಗೊತ್ತು. ೧೬೪೪ರ ಸುಮಾರಿಗೆ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಪಿರಿಯಾಪಟ್ಟಣವನ್ನು ಮುತ್ತಿದಾಗ ಚೆಂಗಾಳ್ವರ ವೀರರಾಜನು ಮಡಿದನು. ಯಾವ ಆಟವೂ ಅವನನ್ನು ಉಳಿಸಲಾರದು. ಇಂತಹ ಕಥೆಯನ್ನು ನಡೆಸುವವನಿಗೆ ಉಳಿಯುವ ಸ್ವಾತಂತ್ರ್ಯವೊಂದೇ: ಆ ಅರಸನು ಕೋಟೆಯ ಬಾಗಿಲಿಗೆ ಬರುವ ಮುನ್ನ ಏನನ್ನು ನೆನೆದನು, ಯಾರನ್ನು ಅಗಲಿದನು ಎಂಬುದಕ್ಕೆ ಎಡೆಮಾಡಿಕೊಡುವುದು. ಅಂತ್ಯವನ್ನು ಬಲ್ಲ ಊರು ಬೆಳಗಿನವರೆಗೆ ಎದ್ದು ಕುಳಿತಿರುತ್ತಿದ್ದುದು ಅಷ್ಟಕ್ಕಾಗಿಯೇ.