ವೀಸಾ ಸಿಕ್ಕ ಗೊಂಬೆಗಳು

ವೀಸಾ ಅಂದ ಕೂಡಲೇ ನಮ್ಮ ಸಾಫ್ಟ್‌ವೇರ್ ಮಂದಿಯ ಕಿವಿ ನೆಟ್ಟಗಾಗುತ್ತೆ. ಆಫೀಸಿನ ಊಟದ ಟೇಬಲ್ಲಿನಲ್ಲಿ ಅರ್ಧ ಮಾತು ಅದರದ್ದೇ. ಹಾಗಾಗಿ 1927ರಲ್ಲಿ 12,700ಕ್ಕೂ ಹೆಚ್ಚು ಗೊಂಬೆಗಳು ಪಾಸ್‌ಪೋರ್ಟು, ಹಡಗಿನ ಟಿಕೇಟು ಎಲ್ಲ ಇಟ್ಟುಕೊಂಡು ಅಮೆರಿಕದಿಂದ ಜಪಾನಿಗೆ ಹೋದವು ಅಂತ ಓದಿದಾಗ ನನಗೆ ಮೊದಲು ನಗು ಬಂತು. ಮುಂದಕ್ಕೆ ಓದುತ್ತಾ ಹೋದಂತೆ ನಗು ನಿಂತುಹೋಯಿತು.

ಕತೆಯ ಮೂಲಪುರುಷ ಸಿಡ್ನಿ ಗುಲಿಕ್ ಎಂಬ ಪಾದ್ರಿ. 1888ರಿಂದ 1913ರವರೆಗೆ ಜಪಾನಿನಲ್ಲೇ ಇದ್ದು, ಭಾಷೆ ಕಲಿತು, ಕ್ಯೋಟೋದ ದೋಶಿಶಾದಲ್ಲಿ ಪಾಠ ಮಾಡಿದವರು. ಅಮೆರಿಕಕ್ಕೆ ವಾಪಸಾದ ಮೇಲೆ ಅಲ್ಲಿ ಏಷ್ಯಾದವರ ಮೇಲಿದ್ದ ಸಿಟ್ಟನ್ನು ಕಂಡು ವರ್ಷಗಟ್ಟಲೆ ಭಾಷಣ ಮಾಡಿದರು, ಪುಸ್ತಕ ಬರೆದರು. ಏನೂ ಉಪಯೋಗವಾಗಲಿಲ್ಲ. 1924ರ ವಲಸೆ ಕಾನೂನು ಜಪಾನೀಯರಿಗೆ ಬಾಗಿಲು ಹಾಕಿಯೇ ಬಿಟ್ಟಿತು. 'ಪೌರತ್ವಕ್ಕೆ ಅರ್ಹರಲ್ಲದವರು ವಲಸೆ ಬರುವಂತಿಲ್ಲ' ಅನ್ನುವುದು ಅದರ ಜಾಣತನ. ಜಪಾನೀಯರು ಅರ್ಹರಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು 1922ರಲ್ಲೇ ಹೇಳಿಯಾಗಿತ್ತು. ಅಂದ ಹಾಗೆ, ಮರುವರ್ಷ ಭಗತ್ ಸಿಂಗ್ ತಿಂದ್ ಎಂಬವರ ಕೇಸಿನಲ್ಲಿ (ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಬೇರೆಯವರು) ಭಾರತೀಯರಿಗೂ ಅದೇ ತೀರ್ಪು ಬಂತು. ನಾವೂ ಅದೇ ಲಿಸ್ಟಿನಲ್ಲಿದ್ದವರೇ!

ದೊಡ್ಡವರಿಗೆ ಹೇಳಿ ಸುಸ್ತಾದ ಗುಲಿಕ್ ಮಕ್ಕಳ ಕಡೆ ತಿರುಗಿದರು. ಜಪಾನಿನಲ್ಲಿ ಮಾರ್ಚ್ 3 'ಹಿನಾಮತ್ಸುರಿ', ಹೆಣ್ಣುಮಕ್ಕಳ ಗೊಂಬೆ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು, ಎಲ್ಲಕ್ಕಿಂತ ಮೇಲೆ ರಾಜ ರಾಣಿ... ನಮ್ಮಲ್ಲಿ ದಸರೆಗೆ ಪಟ್ಟದ ಗೊಂಬೆ ಕೂರಿಸಿದ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಹಬ್ಬಕ್ಕೆ ಅಮೆರಿಕದ ಮಕ್ಕಳು ಗೊಂಬೆ ಕಳಿಸಲಿ ಎಂದರು. ಶಾಲೆ, ಚರ್ಚು, ಸ್ಕೌಟ್ ಗುಂಪುಗಳು ದುಡ್ಡು ಕೂಡಿಸಿ ಗೊಂಬೆ ಕೊಂಡವು, ಬಟ್ಟೆ ಹೊಲಿದವು. ಪ್ರತಿ ಗೊಂಬೆಗೂ ಒಂದು ಹೆಸರು, ಜೊತೆಗೊಂದು ಕಾಗದ. ಹಲವು ಗೊಂಬೆಗಳು ಮಲಗಿಸಿ ಎತ್ತಿದರೆ 'ಮಾಮಾ' ಅನ್ನುತ್ತಿದ್ದವು. ಒಂದೊಂದಾಗಿ ಅಂಚೆಯಲ್ಲಿ ಕಳಿಸದೆ, ಒಟ್ಟುಗೂಡಿಸಿ ಪೆಟ್ಟಿಗೆಗಟ್ಟಲೆ ಹಡಗಿಗೆ ಹಾಕಿದರು. ಆ ಕಡೆ ಇಳಿಸಿಕೊಂಡು ಹಂಚುವ ಜವಾಬ್ದಾರಿ ಹೊತ್ತವರು ಎಂಬತ್ತು ದಾಟಿದ್ದ ಉದ್ಯಮಿ ಶಿಬುಸಾವಾ ಐಯಿಚಿ. (2024ರಲ್ಲಿ ಬಂದ ಜಪಾನಿನ ಹತ್ತು ಸಾವಿರ ಯೆನ್ ನೋಟಿನ ಮೇಲಿರುವುದು ಇವರ ಮುಖವೇ.) ಟೋಕಿಯೋದಲ್ಲಿ ದೊಡ್ಡ ಸ್ವಾಗತ ಸಮಾರಂಭ ಆಯಿತು, ಆಮೇಲೆ ಊರೂರಿನ ಶಾಲೆ, ಶಿಶುವಿಹಾರಗಳಿಗೆ ಗೊಂಬೆಗಳು ಹೋದವು.

ಗಮನಿಸಿ, ಮನುಷ್ಯರಿಗೆ ಬಾಗಿಲು ಮುಚ್ಚಿ ಇನ್ನೂ ಮೂರು ವರ್ಷ ಕೂಡ ಆಗಿರಲಿಲ್ಲ. ಗೊಂಬೆಗೆ ಪಾಸ್‌ಪೋರ್ಟು ಕೊಟ್ಟಿದ್ದು ಬರೀ ಮಕ್ಕಳಾಟ ಅಂತ ನನಗೆ ಅನ್ನಿಸುವುದಿಲ್ಲ.

ಜಪಾನಿನವರು ಉಡುಗೊರೆಯ ಋಣ ಉಳಿಸಿಕೊಳ್ಳುವವರಲ್ಲ. ಸುಮಾರು 26 ಲಕ್ಷ ಹೆಣ್ಣುಮಕ್ಕಳು ತಲಾ ಒಂದು ಸೆನ್ (ಯೆನ್ನಿನ ನೂರರಲ್ಲೊಂದು ಭಾಗ) ಕೊಟ್ಟರಂತೆ. ಆ ದುಡ್ಡಿನಲ್ಲಿ ಟೋಕಿಯೋ, ಕ್ಯೋಟೋಗಳ ಕುಶಲಕರ್ಮಿಗಳಿಂದ 58 ಗೊಂಬೆ ಮಾಡಿಸಿದರು. ಒಂದೊಂದೂ 80 ಸೆಂಟಿಮೀಟರಿನಷ್ಟು ಎತ್ತರ, ರೇಷ್ಮೆ ಕಿಮೋನೋ, ಜೊತೆಗೆ ಪುಟಾಣಿ ಪೆಟ್ಟಿಗೆ, ದೀಪ, ಚಹಾದ ಸೆಟ್ಟು. ಮಿಸ್ ಕಗಾವಾ, ಮಿಸ್ ನಾಗಸಾಕಿ ಎಂದು ಪ್ರಾಂತ್ಯಗಳ ಮತ್ತು ದೊಡ್ಡ ನಗರಗಳ ಹೆಸರು. ಆಗ ಜಪಾನಿನ ಹಿಡಿತದಲ್ಲಿದ್ದ ಕೊರಿಯಾ, ತೈವಾನ್‌ಗಳ ಹೆಸರಿನವೂ ಇದ್ದವು. ಸ್ನೇಹದ ಗೊಂಬೆಯಲ್ಲೂ ಸಾಮ್ರಾಜ್ಯ ಬಿಡಲಿಲ್ಲ ನೋಡಿ. ಇವನ್ನು ಮಾಡಿದವರಲ್ಲಿ ಒಬ್ಬರಾದ ಹಿರಾತಾ ಗೋಯೋಗೆ ಮುಂದೆ 1955ರಲ್ಲಿ 'ಜೀವಂತ ರಾಷ್ಟ್ರೀಯ ನಿಧಿ' ಎಂಬ ಗೌರವ ಸಿಕ್ಕಿತು. ಈ ಗೊಂಬೆಗಳು 1927ರ ಕೊನೆಗೆ ಅಮೆರಿಕ ಮುಟ್ಟಿ, ಊರೂರು ಸುತ್ತಿ, ಮ್ಯೂಸಿಯಮ್ಮುಗಳನ್ನು ಸೇರಿದವು. ಸುತ್ತಾಟದಲ್ಲಿ ಕೆಲವು ಗೊಂಬೆಗಳ ಪೀಠ, ಸಾಮಾನುಗಳು ಅದಲುಬದಲಾಗಿ ಒಬ್ಬಳ ಹೆಸರು ಇನ್ನೊಬ್ಬಳಿಗೆ ಅಂಟಿತು. ಡೇಟಾಬೇಸಿನಲ್ಲಿ ಪ್ರೈಮರಿ ಕೀ ಕಲಸಿಹೋದ ಹಾಗೆ! ಯಾರು ಯಾರೆಂದು ಬಿಡಿಸಲು ಸಂಶೋಧಕರು ಹೆಣಗಬೇಕಾಯಿತು.

ಆಮೇಲೆ ಯುದ್ಧ. ಅಮೆರಿಕದಲ್ಲಿ ಹೆಚ್ಚಿನ ಜಪಾನಿ ಗೊಂಬೆಗಳನ್ನು ಉಗ್ರಾಣಕ್ಕೆ ಹಾಕಿದರು. ಜಪಾನಿನಲ್ಲಿ ಆಗಿದ್ದು ಅಷ್ಟಕ್ಕೇ ನಿಲ್ಲಲಿಲ್ಲ. 1943ರ ಫೆಬ್ರವರಿಯಲ್ಲಿ ಮೈನಿಚಿ ಪತ್ರಿಕೆಯಲ್ಲಿ ಅವೊಮೊರಿ ಪ್ರಾಂತ್ಯದ ವರದಿಯೊಂದು ಬಂತು. ಶಾಲೆಯೊಂದರಲ್ಲಿ ನೀಲಿ ಕಣ್ಣಿನ ಗೊಂಬೆಯನ್ನು ಏನು ಮಾಡೋಣ ಅಂತ ಮಕ್ಕಳನ್ನೇ ಕೇಳಿದ್ದರು. ಸುಡಬೇಕು, ಒಡೆಯಬೇಕು ಅಂದವರೇ ಹೆಚ್ಚು. ಸಮುದ್ರಕ್ಕೆ ಎಸೆಯಿರಿ ಅಂದವರಿದ್ದರು, ಅಮೆರಿಕಕ್ಕೇ ವಾಪಸ್ ಕಳಿಸಿ ಅಂದವರೂ ಇದ್ದರು. ಗೊಂಬೆ ಬಂದು ಇನ್ನೂ ಹದಿನಾರೇ ವರ್ಷ. ಅಂದು ಅದನ್ನು ಎತ್ತಿಕೊಂಡ ಮಗು ಇಂದು ಅದೇ ಊರಿನಲ್ಲಿ ತಾಯಿಯಾಗಿರಬಹುದು.

ಸಾವಿರಾರು ಗೊಂಬೆಗಳನ್ನು ಸುಟ್ಟರು, ಬಿದಿರಿನ ಈಟಿಯಿಂದ ಚುಚ್ಚಿದರು. ಇಷ್ಟರ ನಡುವೆ ಕೆಲವು ಮೇಷ್ಟ್ರುಗಳು, ಟೀಚರುಗಳು ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲೋ ಬೀರುವಿನ ಹಿಂದೆಯೋ ಬಚ್ಚಿಟ್ಟರು. ಆ ದಿನಗಳಲ್ಲಿ ಇದು ಸಣ್ಣ ಸಾಹಸವಲ್ಲ, 'ದೇಶದ್ರೋಹಿ' ಅನ್ನಿಸಿಕೊಳ್ಳಲು ಅಷ್ಟೇ ಸಾಕಿತ್ತು. ಬಚ್ಚಿಟ್ಟವರು ಯುದ್ಧ ಮುಗಿದ ಮೇಲೂ ಬಾಯಿ ಬಿಡಲಿಲ್ಲ. 1973ರಲ್ಲಿ ಎನ್‌ಎಚ್‌ಕೆ ಟೀವಿ ಇಂಥ ಒಂದು ಗೊಂಬೆಯ ಕತೆ ತೋರಿಸಿದ ಮೇಲೆ ಒಂದೊಂದಾಗಿ ಹೊರಬರತೊಡಗಿದವು. ಇದುವರೆಗೆ ಸಿಕ್ಕಿರುವುದು ಮುನ್ನೂರು ಚಿಲ್ಲರೆ.

ಗುಲಿಕ್ ಸೋತರು ಅನ್ನುವವರಿದ್ದಾರೆ. ಕಾನೂನಿನ ಲೆಕ್ಕದಲ್ಲಿ ನಿಜ. ಭಾರತೀಯರಿಗೆ ಬಾಗಿಲು ಒಂದಿಷ್ಟು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. ಗೊಂಬೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಯುದ್ಧ ಮುಗಿದ ವರ್ಷ, 1945ರ ಡಿಸೆಂಬರಿನಲ್ಲಿ ಗುಲಿಕ್ ತೀರಿಕೊಂಡರು. ಅಟ್ಟದ ಮೇಲೆ ಉಳಿದಿದ್ದ ಗೊಂಬೆಗಳ ವಿಷಯ ಅವರ ಕಾಲಕ್ಕೆ ಹೊರಬಂದಿರಲಿಲ್ಲ. 1980ರ ದಶಕದಲ್ಲಿ ಗಣಿತದ ಪ್ರಾಧ್ಯಾಪಕರಾದ ಅವರ ಮೊಮ್ಮಗ ಜಪಾನಿನ ಶಾಲೆಗಳಿಗೆ ಮತ್ತೆ ಗೊಂಬೆ ಕಳಿಸಲು ಶುರುಮಾಡಿದರು. ಅವಕ್ಕೆ ಬಟ್ಟೆ ಹೊಲಿದುಕೊಟ್ಟವರು ಅವರ ಹೆಂಡತಿ.